ಯುದ್ಧವಿಮಾನದ ರೆಕ್ಕೆಯ ಕೆಳಗಿನ ಕೆಲಸ

ಯುದ್ಧವಿಮಾನದ ಶಸ್ತ್ರಾಸ್ತ್ರಗಳನ್ನು ಜೋಡಿಸುವ, ಪರೀಕ್ಷಿಸುವ, ಕೆಟ್ಟರೆ ಸರಿಪಡಿಸುವ ತಂತ್ರಜ್ಞರನ್ನು ಭಾರತೀಯ ವಾಯುಪಡೆಯಲ್ಲಿ ವೆಪನ್ ಫಿಟ್ಟರ್ ಎಂದು ಕರೆಯುತ್ತಾರೆ. ಬಾಂಬು, ರಾಕೆಟ್, ಕ್ಷಿಪಣಿ, ವಿಮಾನದೊಳಗಿನ ಫಿರಂಗಿ ಇವರ ಸುಪರ್ದಿಗೆ ಬರುತ್ತವೆ. ಜೊತೆಗೆ ಇವನ್ನೆಲ್ಲ ಹಿಡಿದಿಡುವ ಕೊಕ್ಕೆಗಳು, ಬಿಡುಗಡೆ ಮಾಡುವ ಯಂತ್ರಗಳು, ಪೈಲಟ್‌ನ ಗುಂಡಿಯಿಂದ ರೆಕ್ಕೆಯ ತುದಿಯವರೆಗೆ ಆಜ್ಞೆ ಒಯ್ಯುವ ತಂತಿಗಳೂ ಇವರ ಹೊಣೆಯೇ. ಈ ಕೆಲಸಕ್ಕೆ ಎರಡು ಮುಖಗಳಿವೆ. ಬೇಕಾದ ಕ್ಷಣದಲ್ಲಿ ಅಸ್ತ್ರ ತಪ್ಪದೆ ಹೊರಡಬೇಕು. ಬೇಡದ ಹೊತ್ತಿನಲ್ಲಿ ಯಾವ ಕಾರಣಕ್ಕೂ ಹೊರಡಬಾರದು. ಹೊರಗಿನವರ ಕಣ್ಣಿಗೆ ಮೊದಲನೆಯದೇ ದೊಡ್ಡದಾಗಿ ಕಾಣುತ್ತದೆ. ಆದರೆ ಈ ವೃತ್ತಿಯ ಹೆಚ್ಚಿನ ಶ್ರಮ, ಹೆಚ್ಚಿನ ನಿಯಮ, ಹೆಚ್ಚಿನ ಬುದ್ಧಿವಂತಿಕೆ ಖರ್ಚಾಗುವುದು ಎರಡನೆಯದಕ್ಕೆ.

ಈ ಕಸುಬು ವಾಯುಪಡೆಯಷ್ಟೇ ಹಳೆಯದು. ಭಾರತೀಯ ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಮೊದಲ ಸ್ಕ್ವಾಡ್ರನ್ ಶುರುವಾದಾಗ ಇದ್ದದ್ದು ನಾಲ್ಕು ವಾಪಿಟಿ ವಿಮಾನ, ಬೆರಳೆಣಿಕೆಯ ಅಧಿಕಾರಿಗಳು ಮತ್ತು ‘ಹವಾಯಿ ಸಿಪಾಯಿ’ ಎಂಬ ಹೆಸರಿನ ತಂತ್ರಜ್ಞರು. ವಾಪಿಟಿಯ ಮುಂಭಾಗದ ಮೆಷಿನ್‌ಗನ್ ತಿರುಗುತ್ತಿರುವ ಪಂಖದ ಎಲೆಗಳ ನಡುವಿನಿಂದಲೇ ಗುಂಡು ಹಾರಿಸಬೇಕಿತ್ತು. ಎಂಜಿನ್ನಿನ ಸುತ್ತಿಗೂ ಬಂದೂಕಿನ ಕುದುರೆಗೂ ತಾಳ ಕೂಡಿಸುವ ಒಂದು ಸಾಧನ ಅದರಲ್ಲಿತ್ತು. ಎಲೆ ಅಡ್ಡ ಬಂದ ಕ್ಷಣದಲ್ಲಿ ಗುಂಡು ಹೊರಡದಂತೆ ಅದು ತಡೆಯುತ್ತಿತ್ತು. ಅದರ ಹೊಂದಾಣಿಕೆ ಚೂರು ತಪ್ಪಿದರೂ ಪೈಲಟ್ ತನ್ನ ವಿಮಾನದ ಪಂಖವನ್ನೇ ತುಂಡರಿಸಿಕೊಳ್ಳುತ್ತಿದ್ದ. ಹೊರಡಬಾರದಾಗ ಹೊರಡಬಾರದು ಎಂಬ ಪಾಠ ಈ ವೃತ್ತಿಗೆ ಹುಟ್ಟಿನಿಂದಲೇ ಅಂಟಿಕೊಂಡಿದೆ.

ಕರ್ನಾಟಕದ ನೆಲದಿಂದಲೇ ಯುದ್ಧಕ್ಕೆ ವಿಮಾನ ಸಜ್ಜುಗೊಳಿಸಿದ ಪ್ರಸಂಗ 1961ರ ಡಿಸೆಂಬರಿನದು. ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಡಿಸೆಂಬರ್ 18ರಂದು 17ನೇ ಸ್ಕ್ವಾಡ್ರನ್ನಿನ ಆರು ಹಂಟರ್ ವಿಮಾನಗಳು ಬೆಳಗಾವಿಯ ಸಾಂಬ್ರಾದಿಂದ ಹಾರಿ, ಬಾಂಬೋಲಿಮ್‌ನ ನಿಸ್ತಂತು ಕೇಂದ್ರದ ಮೇಲೆ ರಾಕೆಟ್ ಮತ್ತು ಫಿರಂಗಿಗಳಿಂದ ದಾಳಿ ಮಾಡಿದವು. ಹಂಟರ್‌ನ ರಚನೆಯಲ್ಲಿ ನೆಲದ ಮೇಲಿನ ತಂತ್ರಜ್ಞರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ಒಂದು ಏರ್ಪಾಡಿತ್ತು. ಅದರ ನಾಲ್ಕು 30 ಮಿ.ಮೀ. ಫಿರಂಗಿಗಳೂ ಗುಂಡಿನ ಪೆಟ್ಟಿಗೆಗಳೂ ಒಂದೇ ಕಟ್ಟಿನಲ್ಲಿ ಕೂತಿದ್ದವು. ವಿಮಾನ ಇಳಿದ ಕೂಡಲೇ ನಳಿಗೆಗಳನ್ನು ಅಲ್ಲೇ ಬಿಟ್ಟು, ಖಾಲಿ ಕಟ್ಟನ್ನು ಕೆಳಗಿಳಿಸಿ, ಮೊದಲೇ ತುಂಬಿಟ್ಟ ಇನ್ನೊಂದನ್ನು ಮೇಲೇರಿಸಬಹುದಿತ್ತು. ಒಂದೊಂದೇ ಗುಂಡಿನ ಸರ ಸೇರಿಸುತ್ತ ಕೂರಬೇಕಾದ ಕೆಲಸ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಒಂದು ವಿಮಾನ ದಿನಕ್ಕೆ ಎಷ್ಟು ಬಾರಿ ಹಾರಬಲ್ಲದು ಎಂಬುದನ್ನು ಪೈಲಟ್ ಒಬ್ಬನೇ ನಿರ್ಧರಿಸುವುದಿಲ್ಲ. ಕೆಳಗೆ ನಿಂತವರ ಕೈಚಳಕಕ್ಕೂ ಅದರಲ್ಲಿ ಪಾಲಿದೆ.

ಇಂದು ಈ ಕೆಲಸ ನಡೆಯುವ ಜಾಗಗಳು ರಾಜ್ಯದಲ್ಲಿ ಹಲವಿವೆ. ಬೀದರ್ ವಾಯುನೆಲೆಗೆ 2008ರ ಫೆಬ್ರವರಿಯಲ್ಲಿ ಹಾಕ್ ತರಬೇತಿ ವಿಮಾನಗಳು ಬಂದವು. ಯುದ್ಧವಿಮಾನಗಳಿಗೆ ಹೋಗುವ ಯುವ ಪೈಲಟ್‌ಗಳು ಶಸ್ತ್ರ ಬಳಸುವುದನ್ನು ಇಂಥ ವಿಮಾನಗಳಲ್ಲೇ ಕಲಿಯುತ್ತಾರೆ. ಅವರಿಗಾಗಿ ಕೆಲವೇ ಕಿಲೋ ತೂಕದ, ಬಿದ್ದಲ್ಲಿ ಹೊಗೆ ಬಿಡುವ ಅಭ್ಯಾಸದ ಬಾಂಬುಗಳನ್ನು ಕಟ್ಟಿಕೊಡಬೇಕು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತೇಜಸ್ ಯುದ್ಧವಿಮಾನ ತಯಾರಾಗುತ್ತದೆ. ಅದರ ಮೊದಲ ಸ್ಕ್ವಾಡ್ರನ್ 2016ರ ಜುಲೈ 1ರಂದು ಬೆಂಗಳೂರಿನಲ್ಲೇ ಶುರುವಾಯಿತು. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ಹೊಸ ಅಸ್ತ್ರಗಳನ್ನು ವಿಮಾನಕ್ಕೆ ಕಟ್ಟಿ ಹಾರಿಸಿ ನೋಡುವ ವಾಯುಪಡೆಯ ಪರೀಕ್ಷಾ ಸಂಸ್ಥೆಯೂ ಬೆಂಗಳೂರಿನಲ್ಲಿದೆ. ವಾಯುಪಡೆಗೆ ಸೇರುವ ವಾಯುಯೋಧರ ಮೊದಲ ತರಬೇತಿ ನಡೆಯುವುದು ಅದೇ ಸಾಂಬ್ರಾದ ಏರ್‌ಮೆನ್ ಟ್ರೇನಿಂಗ್ ಸ್ಕೂಲಿನಲ್ಲಿ.

ಇನ್ನು ಯಂತ್ರದ ವಿಚಾರ. ಬಾಂಬು ನೇರವಾಗಿ ರೆಕ್ಕೆಗೆ ಅಂಟಿಕೊಂಡಿರುವುದಿಲ್ಲ. ರೆಕ್ಕೆಯ ಕೆಳಗೆ ಪೈಲಾನ್ ಎಂಬ ಗಟ್ಟಿ ತೋಳಿರುತ್ತದೆ. ಅದರೊಳಗೆ ಬಾಂಬು ಹಿಡಿಯುವ ರ‍್ಯಾಕ್ ಇರುತ್ತದೆ. ಟ್ರ್ಯಾಕ್ಟರಿನ ಹಿಂದಿನ ಕೊಂಡಿಗೆ ಒಂದು ದಿನ ನೇಗಿಲು, ಇನ್ನೊಂದು ದಿನ ಕೂರಿಗೆ, ಮತ್ತೊಂದು ದಿನ ರೋಟಾವೇಟರ್ ಕಟ್ಟುವಂತೆ, ಒಂದೇ ಪೈಲಾನ್‌ಗೆ ಆಯಾ ದಿನದ ಕೆಲಸಕ್ಕೆ ತಕ್ಕ ಅಸ್ತ್ರ ಕಟ್ಟಬಹುದು. ಟ್ರ್ಯಾಕ್ಟರಿನಲ್ಲಿ ಪಿನ್ನಿನ ಅಳತೆ ಹೊಂದದಿದ್ದರೆ ಆಗುವ ತೊಂದರೆ ಇಲ್ಲಿಯೂ ಉಂಟು. ಪಾಶ್ಚಾತ್ಯ ದೇಶಗಳ ಬಾಂಬುಗಳ ಬೆನ್ನಿನ ಮೇಲಿರುವ ಎರಡು ಉಕ್ಕಿನ ಕಡಗಗಳ ನಡುವಿನ ಅಂತರ ಸಾಮಾನ್ಯವಾಗಿ 14 ಅಂಗುಲ. ಬಹಳ ಭಾರದವಾದರೆ 30 ಅಂಗುಲ. ರಷ್ಯಾದ 500 ಕಿಲೋವರೆಗಿನ ಬಾಂಬುಗಳಲ್ಲಿ ಅದು 250 ಮಿ.ಮೀ. ರಷ್ಯಾ, ಫ್ರಾನ್ಸ್, ಬ್ರಿಟನ್ ಮೂಲದ ವಿಮಾನಗಳನ್ನೂ ಸ್ವದೇಶಿ ವಿಮಾನಗಳನ್ನೂ ಒಟ್ಟಿಗೆ ಇಟ್ಟುಕೊಂಡಿರುವ ಭಾರತದಂಥ ವಾಯುಪಡೆಯಲ್ಲಿ ಈ ವ್ಯತ್ಯಾಸ ದಿನನಿತ್ಯದ ಸಂಗತಿ. ಯಾವ ವಿಮಾನದ ಯಾವ ಪೈಲಾನ್‌ಗೆ ಯಾವ ಅಸ್ತ್ರ, ಯಾವ ಅಡಾಪ್ಟರ್ ಎಂಬುದನ್ನು ತಂತ್ರಜ್ಞರು ಕಡತ ನೋಡಿಯೇ ಖಚಿತಪಡಿಸಿಕೊಳ್ಳಬೇಕು. ನೆನಪಿನ ಮೇಲೆ ಕೆಲಸ ಮಾಡುವುದಕ್ಕೆ ಇಲ್ಲಿ ಅನುಮತಿಯಿಲ್ಲ.

ಬಾಂಬು ಏರಿಸುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ನಾಜೂಕು ತಿಳಿಯುತ್ತದೆ. ಟ್ರಾಲಿಯ ಮೇಲೆ ಬಂದ ಬಾಂಬನ್ನು ಜಾಕಿನಿಂದ ಅಂಗುಲ ಅಂಗುಲವಾಗಿ ಮೇಲೆತ್ತುತ್ತಾರೆ. ಬೆನ್ನಿನ ಎರಡು ಕಡಗಗಳು ರ‍್ಯಾಕಿನ ಎರಡು ಕೊಕ್ಕೆಗಳ ಬಾಯಿಗೆ ಸರಿಯಾಗಿ ಬಂದಾಗ ಕೊಕ್ಕೆಗಳು ಮುಚ್ಚಿಕೊಳ್ಳುತ್ತವೆ. ಕೊಕ್ಕೆ ಮುಚ್ಚಿದ ಸದ್ದು ಕೇಳಿದರೆ ಸಾಲದು. ಬೀಗ ನಿಜವಾಗಿ ಬಿದ್ದಿದೆಯೇ ಎಂದು ತೋರಿಸುವ ಗುರುತನ್ನು ಕಣ್ಣಾರೆ ನೋಡಬೇಕು. ಆಮೇಲೆ ಬಾಂಬಿನ ಎರಡೂ ಪಕ್ಕಕ್ಕೆ ಒತ್ತಿ ಹಿಡಿಯುವ ತೋಳುಗಳನ್ನು ಟಾರ್ಕ್ ರೆಂಚಿನಿಂದ ಗೊತ್ತಾದ ಬಿಗಿಗೆ ತಿರುಗಿಸುತ್ತಾರೆ. ಸಡಿಲವಾದರೆ ವಿಮಾನ ಜೋರಾಗಿ ಹೊರಳಿದಾಗ ಬಾಂಬು ಓಲಾಡಿ ಕೊಕ್ಕೆಯನ್ನೇ ಮುರಿದೀತು. ಅತಿ ಬಿಗಿಯಾದರೆ ಬಿಡುಗಡೆಯ ಹೊತ್ತಿನಲ್ಲಿ ಕಚ್ಚಿಕೊಂಡೀತು. ಒಂದು ಕಡೆಯ ತೋಳನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗುವಂತಿಲ್ಲ. ಎರಡನ್ನೂ ಸಮನಾಗಿ, ಸರದಿಯಂತೆ ಬಿಗಿಯಬೇಕು.

ಬಿಡುಗಡೆಯ ಕ್ರಮವೂ ತಿಳಿಯಬೇಕಾದದ್ದೇ. ವೇಗವಾಗಿ ಹಾರುವ ವಿಮಾನದ ಕೆಳಗೆ ಗಾಳಿ ಎಷ್ಟು ಪ್ರಕ್ಷುಬ್ಧವಾಗಿರುತ್ತದೆಂದರೆ, ಸುಮ್ಮನೆ ಕೊಕ್ಕೆ ತೆರೆದರೆ ಬಾಂಬು ಕೆಳಗೆ ಬೀಳುವ ಬದಲು ವಿಮಾನದ ಹೊಟ್ಟೆಗೇ ಬಡಿಯಬಹುದು. ಆದ್ದರಿಂದ ರ‍್ಯಾಕಿನೊಳಗೆ ಸಣ್ಣ ಸಿಡಿಮದ್ದಿನ ಕಾರ್ಟ್ರಿಜ್‌ಗಳನ್ನು ಇಟ್ಟಿರುತ್ತಾರೆ. ಪೈಲಟ್ ಗುಂಡಿ ಒತ್ತಿದಾಗ ವಿದ್ಯುತ್ ಅವುಗಳಿಗೆ ಬೆಂಕಿ ಹಚ್ಚುತ್ತದೆ. ಹುಟ್ಟಿದ ಅನಿಲದ ಒತ್ತಡ ಮೊದಲು ಕೊಕ್ಕೆ ತೆರೆಯುತ್ತದೆ, ಮರುಕ್ಷಣವೇ ಪಿಸ್ಟನ್ನಿನಿಂದ ಬಾಂಬನ್ನು ಕೆಳಕ್ಕೆ ದೂಡುತ್ತದೆ. ಪ್ರತಿ ಬಳಕೆಯ ನಂತರ ರ‍್ಯಾಕಿನ ಒಳಗೋಡೆಗಳಿಗೆ ಮಸಿ, ಆಮ್ಲೀಯ ಕಿಟ್ಟ ಅಂಟುತ್ತದೆ. ರ‍್ಯಾಕನ್ನು ಬಿಚ್ಚಿ, ತೊಳೆದು, ಒರೆಸಿ, ಸವೆತ ಅಳೆದು, ಸೀಲುಗಳನ್ನು ಬದಲಿಸಿ ಮತ್ತೆ ಜೋಡಿಸಬೇಕು. ರಿಪೇರಿ ಎಂದಾಗ ಹೆಚ್ಚಿನ ಪಾಲು ಇಂಥ ಕೆಲಸವೇ. ಕಿಟ್ಟ ಒಳಗೆ ಉಳಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಪಿಸ್ಟನ್ ಮುಂದಿನ ಸಲ ಅರ್ಧಕ್ಕೇ ನಿಲ್ಲುತ್ತದೆ. ಆಗ ಬಿಡುಗಡೆಯಾಗದ ಜೀವಂತ ಬಾಂಬಿನ ಸಮೇತ ವಿಮಾನ ಇಳಿಯಬೇಕಾದೀತು.

ಬೆಂಕಿ ಹಚ್ಚುವುದು ವಿದ್ಯುತ್ತಾದ್ದರಿಂದ ಈ ವೃತ್ತಿಯ ದೊಡ್ಡ ಶತ್ರುವೂ ವಿದ್ಯುತ್ತೇ. ಎಲ್ಲೋ ತಂತಿಯ ಹೊದಿಕೆ ಸವೆದು, ಎಲ್ಲೋ ತೇವ ಸೇರಿ, ಸ್ವಿಚ್ ಬದಲಿಸುವಾಗ ಒಂದು ಅಲೆ ಎದ್ದು, ಯಾರೂ ಕೊಡದ ಆಜ್ಞೆ ಕಾರ್ಟ್ರಿಜ್ಜಿಗೆ ತಲುಪಬಹುದು. ಹಾಗಾಗಿ ಕಾರ್ಟ್ರಿಜ್ ಹಾಕುವ ಮುನ್ನ ಆ ತಂತಿಯ ತುದಿಯಲ್ಲಿ ಅನಗತ್ಯ ವಿದ್ಯುತ್ ಏನಾದರೂ ಇದೆಯೇ ಎಂದು ಮೀಟರಿನಿಂದ ಪರೀಕ್ಷಿಸುವುದು ಕಡ್ಡಾಯ. ವಿಮಾನವನ್ನು ತಂತಿಯಿಂದ ಭೂಮಿಗೆ ಅರ್ಥಿಂಗ್ ಮಾಡಿರಬೇಕು. ಒಣಗಾಳಿಯ ದಿನ ಮೈಮೇಲಿನ ಬಟ್ಟೆಯಲ್ಲಿ ಹುಟ್ಟುವ ಸ್ಥಾಯೀ ವಿದ್ಯುತ್ ಕೂಡ ಅಪಾಯಕಾರಿ. ಹತ್ತಿರದಲ್ಲಿ ಮೊಬೈಲ್, ರೇಡಿಯೊ, ರಾಡಾರ್ ಚಾಲೂ ಇರುವಂತಿಲ್ಲ. ಅವುಗಳ ತರಂಗಗಳನ್ನು ಉದ್ದನೆಯ ತಂತಿ ಆಂಟೆನಾದಂತೆ ಹೀರಿಕೊಳ್ಳಬಲ್ಲದು.

ಈ ನಿಯಮಗಳು ಯಾಕೆ ಇಷ್ಟು ಕಠಿಣ ಎಂಬುದಕ್ಕೆ 1967ರ ಜುಲೈ 29ರ ದುರಂತ ಉತ್ತರ. ಅಮೆರಿಕದ ವಿಮಾನವಾಹಕ ಹಡಗು ಫಾರೆಸ್ಟಲ್ ವಿಯೆಟ್ನಾಂ ಬಳಿಯ ಕಡಲಿನಲ್ಲಿತ್ತು. ಡೆಕ್ಕಿನ ಮೇಲೆ ನಿಂತಿದ್ದ ಒಂದು ಫ್ಯಾಂಟಮ್ ವಿಮಾನದಲ್ಲಿ ಹೊರಗಿನ ವಿದ್ಯುತ್ತಿನಿಂದ ಒಳಗಿನ ವಿದ್ಯುತ್ತಿಗೆ ಬದಲಾಯಿಸುವಾಗ ಎದ್ದ ಅಲೆಯಿಂದ ಜೂನಿ ರಾಕೆಟ್ ಒಂದು ತಾನಾಗಿ ಹಾರಿತು. ಎದುರಿಗಿದ್ದ ವಿಮಾನದ ಇಂಧನ ಟ್ಯಾಂಕಿಗೆ ಅದು ಬಡಿದು ಬೆಂಕಿ ಹೊತ್ತಿತು. ಬೆಂಕಿಯ ನಡುವೆ ಬಾಂಬುಗಳು ಒಂದರ ಹಿಂದೊಂದು ಸಿಡಿದವು. 134 ಮಂದಿ ಸತ್ತರು. ರಾಕೆಟ್ಟಿನ ವಿದ್ಯುತ್ ಸಂಪರ್ಕವನ್ನು ಹಾರುವ ಮುನ್ನ ಕೊನೆಯ ಗಳಿಗೆಯಲ್ಲಿ ಜೋಡಿಸಬೇಕೆಂಬ ನಿಯಮವಿತ್ತು. ಸಮಯ ಉಳಿಸಲು ಅದನ್ನು ಮೊದಲೇ ಜೋಡಿಸುವ ರೂಢಿ ಬೆಳೆದಿತ್ತು. ಇನ್ನೊಂದು ತಡೆಯಾಗಿದ್ದ ಸುರಕ್ಷತಾ ಪಿನ್ ಕೂಡ ಜಾಗದಲ್ಲಿರಲಿಲ್ಲ. ಒಂದೇ ತಪ್ಪಿನಿಂದ ಇಂಥ ಅನಾಹುತ ಆಗುವುದು ಕಡಿಮೆ. ಒಂದರ ಮೇಲೊಂದು ಇಟ್ಟ ತಡೆಗಳನ್ನು ಒಬ್ಬೊಬ್ಬರು ಒಂದೊಂದಾಗಿ ತೆಗೆದಾಗ ಆಗುತ್ತದೆ.

ಈಗಿನ ವಿಮಾನಗಳಲ್ಲಿ ತಡೆಗಳ ಸಾಲು ಉದ್ದವಾಗಿದೆ. ಪೈಲಾನ್ ಮತ್ತು ಲಾಂಚರ್‌ಗಳಿಗೆ ಉಕ್ಕಿನ ಪಿನ್‌ಗಳನ್ನು ಸಿಕ್ಕಿಸಿ ಕೆಂಪು ಪಟ್ಟಿ ಇಳಿಬಿಟ್ಟಿರುತ್ತಾರೆ. ಚಕ್ರದ ಮೇಲೆ ವಿಮಾನದ ಭಾರ ಇರುವವರೆಗೆ ಬಿಡುಗಡೆಯ ಸರ್ಕೀಟು ಕಡಿದಿರುವಂತೆ ಮಾಡುವ ಸ್ವಿಚ್ ಲ್ಯಾಂಡಿಂಗ್ ಗೇರಿನಲ್ಲಿರುತ್ತದೆ. ಕಾಕ್‌ಪಿಟ್‌ನಲ್ಲಿ ಪ್ರತ್ಯೇಕ ಮುಖ್ಯ ಸ್ವಿಚ್ ಇರುತ್ತದೆ. ಬಾಂಬು ಬಿದ್ದ ಮೇಲೂ ಕೂಡಲೇ ಜೀವ ಬರುವುದಿಲ್ಲ: ಅದನ್ನು ಸಿಡಿಸುವ ಫ್ಯೂಸಿಗೆ ಕಟ್ಟಿದ ತಂತಿ ರ‍್ಯಾಕಿನಲ್ಲೇ ಉಳಿದು, ಬಾಂಬು ದೂರ ಸರಿದಾಗ ಕಿತ್ತು ಬಂದರೆ ಮಾತ್ರ ಫ್ಯೂಸ್ ಸಜ್ಜಾಗುತ್ತದೆ. ಅಪಾಯದ ಹೊತ್ತಿನಲ್ಲಿ ಪೈಲಟ್ ಭಾರ ಇಳಿಸಿಕೊಳ್ಳಲು ಬಾಂಬು ಬಿಟ್ಟರೆ ತಂತಿಯೂ ಜೊತೆಗೇ ಹೋಗುವಂತೆ ಮಾಡಬಹುದು. ಆಗ ಅದು ಸಿಡಿಯದೆ ಬೀಳುತ್ತದೆ. ಕೊನೆಯ ಪಿನ್‌ಗಳನ್ನು ಕೀಳುವುದು ರನ್‌ವೇಯ ಬಾಯಲ್ಲಿ. ಆ ಹೊತ್ತಿಗೆ ಪೈಲಟ್ ಎರಡೂ ಕೈಗಳನ್ನು ಮೇಲೆತ್ತಿ ಹೊರಗಿನವರಿಗೆ ಕಾಣುವಂತೆ ಹಿಡಿಯುವ ಪದ್ಧತಿ ಹಲವು ವಾಯುಪಡೆಗಳಲ್ಲಿದೆ. ವಿಮಾನದ ಕೆಳಗೆ ಜನ ಇರುವಾಗ ಯಾವ ಸ್ವಿಚ್ಚೂ ಕೈಗೆ ತಾಗಬಾರದು.

ಫಿರಂಗಿಯ ಕೆಲಸ ಬೇರೆ ಬಗೆಯದು. ವಿಜಯಪುರ ಜಿಲ್ಲೆಯವರಿಗೆ ತೋಪು ಹೊಸದಲ್ಲ. 1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ಇಂದಿಗೂ ವಿಜಯಪುರದ ಕೋಟೆ ಬುರುಜಿನ ಮೇಲಿದೆ. 1565ರಲ್ಲಿ ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿ ಊರುಗಳ ಹೆಸರಿನಲ್ಲಿ ಇತಿಹಾಸ ಸೇರಿದ ಕಾಳಗದಲ್ಲಿ ಸುಲ್ತಾನರ ತೋಪುಗಳ ಪಾತ್ರ ದೊಡ್ಡದು. ಆ ಕಾಲದ ತೋಪನ್ನು ಒಂದು ಸಲ ಹಾರಿಸಿ ಮತ್ತೆ ಮದ್ದು ತುಂಬಲು ಬಹಳ ಹೊತ್ತು ಬೇಕಿತ್ತು. ತೇಜಸ್‌ನಲ್ಲಿರುವ 23 ಮಿ.ಮೀ.ನ ಜೋಡಿ ನಳಿಗೆಯ ಜಿಎಸ್‌ಎಚ್-23 ನಿಮಿಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಗುಂಡು ಹಾರಿಸಬಲ್ಲದು. ಒಂದು ನಳಿಗೆ ಸಿಡಿದ ಬಲದಿಂದಲೇ ಇನ್ನೊಂದು ನಳಿಗೆಗೆ ಗುಂಡು ಸೇರುವಂತೆ ಅದರ ಒಳರಚನೆಯಿದೆ. ಇನ್ನೂರು ಗುಂಡುಗಳ ಸರ ನಾಲ್ಕು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ.

ನಾಲ್ಕೇ ಸೆಕೆಂಡು ಕೆಲಸ ಮಾಡುವ ಆ ಯಂತ್ರಕ್ಕೆ ಗಂಟೆಗಟ್ಟಲೆ ಆರೈಕೆ ಬೇಕು. ಹಾರಿಸಿದ ನಂತರ ನಳಿಗೆಯೊಳಗೆ ಮದ್ದಿನ ಕಿಟ್ಟವೂ ಗುಂಡಿನಿಂದ ಉಜ್ಜಿದ ತಾಮ್ರವೂ ಅಂಟಿರುತ್ತದೆ. ಅದನ್ನು ಬ್ರಷ್ ಮತ್ತು ದ್ರಾವಣದಿಂದ ತೊಳೆದು, ಎಣ್ಣೆ ಸವರಿ, ಗೇಜಿನಿಂದ ಒಳವ್ಯಾಸ ಅಳೆಯುತ್ತಾರೆ. ಸವೆತ ಮಿತಿ ದಾಟಿದರೆ ನಳಿಗೆ ಬದಲು. ಎಷ್ಟು ಗುಂಡು ಹಾರಿದೆ ಎಂಬ ಲೆಕ್ಕ ಪ್ರತಿ ನಳಿಗೆಗೂ ಪ್ರತ್ಯೇಕ, ಏಕೆಂದರೆ ಅದರ ಆಯುಸ್ಸನ್ನು ವರ್ಷಗಳ ಜೊತೆಗೆ ಗುಂಡುಗಳಲ್ಲೂ ಎಣಿಸುತ್ತಾರೆ. ಗುಂಡಿನ ಸರದ ಕೊಂಡಿ ಒಂದೇ ಒಂದು ಬಾಗಿದ್ದರೂ ನಡುವೆ ಸಿಕ್ಕಿಬಿದ್ದು ಫಿರಂಗಿ ನಿಲ್ಲುತ್ತದೆ; ಹಾಗಾಗಿ ಸರವನ್ನು ಕೈಯಲ್ಲಿ ಹಿಡಿದು ಕೊಂಡಿ ಕೊಂಡಿಯಾಗಿ ನೋಡಬೇಕು. ಕೊನೆಗೆ ವಿಮಾನವನ್ನು ಜಾಕಿನ ಮೇಲೆ ಸಮತಟ್ಟಾಗಿ ನಿಲ್ಲಿಸಿ, ಪೈಲಟ್ ನೋಡುವ ಗುರಿಗೂ ನಳಿಗೆಯ ದಿಕ್ಕಿಗೂ ಹೊಂದಾಣಿಕೆ ಮಾಡುತ್ತಾರೆ. ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೂ ಸಾವಿರ ಮೀಟರ್ ದೂರದಲ್ಲಿ ಗುಂಡು ಸುಮಾರು ಒಂದೂಮುಕ್ಕಾಲು ಮೀಟರ್ ಆಚೆ ಬೀಳುತ್ತದೆ. ಪಿಯುಸಿಯ ತ್ರಿಕೋನಮಿತಿ ಓದಿದವರಿಗೆ ಈ ಲೆಕ್ಕ ಬಾಯಲ್ಲೇ ಸಿಗುತ್ತದೆ.

ಹೆಲಿಕಾಪ್ಟರಿನಲ್ಲಿ ಈ ಹೊಂದಾಣಿಕೆ ಇನ್ನಷ್ಟು ಜಟಿಲ. 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ವಾಯುಪಡೆಗೆ ಸೇರಿದ, ಎಚ್‌ಎಎಲ್ ತಯಾರಿಕೆಯ ಪ್ರಚಂಡ್‌ನ ಮೂತಿಯಲ್ಲಿ 20 ಮಿ.ಮೀ. ಫಿರಂಗಿ ಇದೆ. ಪೈಲಟ್ ತಲೆ ತಿರುಗಿಸಿದತ್ತ ಅದು ತಿರುಗುತ್ತದೆ. ಹೆಲ್ಮೆಟ್, ಕಂಪ್ಯೂಟರ್, ಮೋಟರ್, ನಳಿಗೆ ಈ ನಾಲ್ಕೂ ಒಂದೇ ದಿಕ್ಕು ತೋರಿಸುವಂತೆ ಮಾಡುವಾಗ ಯಂತ್ರದ ಫಿಟ್ಟರ್‌ಗೂ ಎಲೆಕ್ಟ್ರಾನಿಕ್ಸ್ ತಂತ್ರಜ್ಞನಿಗೂ ನಡುವಿನ ಗೆರೆ ಅಳಿಸಿಹೋಗುತ್ತದೆ.

ಕ್ಷಿಪಣಿಗಳು ಆ ಗೆರೆಯನ್ನು ಪೂರ್ತಿ ಒರೆಸಿಹಾಕಿವೆ. ‘ಅಸ್ತ್ರ’ ಎಂಬ ಹೆಸರಿನ ಸ್ವದೇಶಿ ಕ್ಷಿಪಣಿಯನ್ನು 2023ರ ಆಗಸ್ಟ್ 23ರಂದು ಗೋವಾ ಕರಾವಳಿಯಾಚೆ ತೇಜಸ್‌ನಿಂದ ಮೊದಲ ಸಲ ಹಾರಿಸಲಾಯಿತು. ಅಂಥ ಕ್ಷಿಪಣಿ ರೆಕ್ಕೆಯ ಕೆಳಗೆ ಸುಮ್ಮನೆ ನೇತಾಡುವುದಿಲ್ಲ. ವಿಮಾನದ ಕಂಪ್ಯೂಟರಿನೊಡನೆ ಸತತ ಮಾತಾಡುತ್ತಿರುತ್ತದೆ. ತಾನು ಯಾವ ಬಗೆಯದು, ಆರೋಗ್ಯವಾಗಿದ್ದೇನೆಯೇ, ಯಾವ ಗುರಿಗೆ ಹೋಗಬೇಕು ಎಂಬುದೆಲ್ಲ ಒಂದು ಜೋಡಿ ಹೆಣೆದ ತಂತಿಯ ಮೂಲಕ ಹೋಗಿ ಬರುತ್ತದೆ. ಈ ತಂತಿಮಾರ್ಗಕ್ಕೆ 1973ರಲ್ಲಿ ಅಮೆರಿಕ ರೂಪಿಸಿದ 1553 ಎಂಬ ಮಾನದಂಡವೇ ಇಂದಿಗೂ ಹಲವು ದೇಶಗಳ ಯುದ್ಧವಿಮಾನಗಳಲ್ಲಿ ಬಳಕೆಯಲ್ಲಿದೆ. ಶಾಖ ಹಿಡಿದು ಬೆನ್ನಟ್ಟುವ ಆರ್-73 ಥರದ ಕ್ಷಿಪಣಿಯ ಕಣ್ಣನ್ನು ತಣ್ಣಗಿಡಲು ಒತ್ತಿ ತುಂಬಿದ ನೈಟ್ರೋಜನ್ ಬೇಕು. ಅನಿಲದಲ್ಲಿ ತೇವ ಅಥವಾ ಎಣ್ಣೆಯ ಅಂಶ ಸೇರಿದರೆ ಸೂಕ್ಷ್ಮ ನಳಿಕೆ ಕಟ್ಟಿ ಕ್ಷಿಪಣಿ ಕುರುಡಾಗುತ್ತದೆ. ಕಾಕ್‌ಪಿಟ್‌ನ ಪರದೆಯಲ್ಲಿ ‘ಕ್ಷಿಪಣಿ ಇಲ್ಲ’ ಎಂದು ಬಂದರೆ ದೋಷ ಕ್ಷಿಪಣಿಯದೋ, ಲಾಂಚರಿನದೋ, ತಂತಿಯದೋ, ಸಾಫ್ಟ್‌ವೇರಿನದೋ ಎಂದು ಹುಡುಕಬೇಕು. ಅನುಭವಿಗಳು ಮೊದಲು ಕನೆಕ್ಟರಿನ ಪಿನ್‌ಗಳನ್ನು ನೋಡುತ್ತಾರೆ. ಬಾಗಿದ ಒಂದು ಪಿನ್, ಒಳಗೆ ಸೇರಿದ ಒಂದು ಹನಿ ನೀರು, ಕೋಟ್ಯಂತರ ರೂಪಾಯಿಯ ಅಸ್ತ್ರವನ್ನು ಕೆಲಸಕ್ಕೆ ಬಾರದಂತೆ ಮಾಡಿರುತ್ತದೆ.

ಜೀವ ಉಳಿಸುವ ಒಂದು ಯಂತ್ರವೂ ಇದೇ ಬಗೆಯ ಜ್ಞಾನವನ್ನು ಬೇಡುತ್ತದೆ. ಪೈಲಟ್ ಕೂತ ಸೀಟಿನಲ್ಲಿ ಸಿಡಿಮದ್ದೂ ರಾಕೆಟ್ಟೂ ಇರುತ್ತವೆ. ಹಿಡಿ ಎಳೆದರೆ ಸೀಟು ವಿಮಾನದಿಂದ ಹೊರಗೆ ಚಿಮ್ಮುತ್ತದೆ. ಹಾಕ್ ವಿಮಾನದ ಗಾಜಿನ ಮುಚ್ಚಳದ ಮೇಲೆ ಅಂಕುಡೊಂಕಾಗಿ ಕಾಣುವ ಗೆರೆ ಅಲಂಕಾರದ್ದಲ್ಲ, ಗಾಜನ್ನು ಒಡೆಯಲು ಅಂಟಿಸಿದ ಸ್ಫೋಟಕದ ಎಳೆ. ಬ್ರಿಟನ್ನಿನ ವಾಯುಪಡೆಯಲ್ಲಿ ಈ ಸೀಟಿನ ಉಸ್ತುವಾರಿ ಶಸ್ತ್ರಾಸ್ತ್ರ ತಂತ್ರಜ್ಞರದೇ. ಅಮೆರಿಕದಲ್ಲಿ ಇದಕ್ಕೇ ಮೀಸಲಾದ ಬೇರೆ ತಂತ್ರಜ್ಞರಿದ್ದಾರೆ. ಯಾರೇ ಮಾಡಲಿ, ಸೀಟಿನ ಕಾರ್ಟ್ರಿಜ್‌ಗಳಿಗೆ ಅವಧಿ ಗೊತ್ತುಪಡಿಸಿದೆ. ಒಂದು ಸಲವೂ ಬಳಸದೆ ಅವಧಿ ಮುಗಿದದ್ದನ್ನು ತೆಗೆದು ಹೊಸದು ಹಾಕುತ್ತಲೇ ಇರಬೇಕು. ವರ್ಷಗಟ್ಟಲೆ ಮಾಡಿದ ಆ ಕೆಲಸ ಸರಿಯಾಗಿತ್ತೋ ಇಲ್ಲವೋ ಎಂಬುದು ತಿಳಿಯುವುದು ಯಾರದೋ ಜೀವ ಕೂದಲೆಳೆಯಲ್ಲಿ ತೂಗುವ ಎರಡು ಮೂರು ಸೆಕೆಂಡುಗಳಲ್ಲಿ.

ರಿಪೇರಿ ಒಂದೇ ಜಾಗದಲ್ಲಿ ನಡೆಯುವುದಿಲ್ಲ. ವಿಮಾನ ನಿಂತಲ್ಲೇ ಮಾಡುವ ತಪಾಸಣೆ, ಜೋಡಣೆ, ಬದಲಾವಣೆ ಸ್ಕ್ವಾಡ್ರನ್ನಿನ ಕೆಲಸ. ಬಿಚ್ಚಿ ಪರೀಕ್ಷಿಸಬೇಕಾದ ರ‍್ಯಾಕು, ಲಾಂಚರು, ಫಿರಂಗಿಗಳು ನೆಲೆಯ ವರ್ಕ್‌ಶಾಪಿಗೆ ಹೋಗುತ್ತವೆ. ಪೂರ್ತಿ ಕಳಚಿ ಹೊಸದರಂತೆ ಮಾಡುವ ದೊಡ್ಡ ರಿಪೇರಿ ಬೇಸ್ ರಿಪೇರ್ ಡಿಪೊಗಳಲ್ಲಿ, ಇಲ್ಲವೇ ತಯಾರಿಸಿದ ಕಾರ್ಖಾನೆಯಲ್ಲಿ. ಈ ಡಿಪೊಗಳೆಲ್ಲ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಮೇಂಟೆನೆನ್ಸ್ ಕಮಾಂಡ್ ಅಡಿಯಲ್ಲಿವೆ.

ಸ್ಫೋಟಕಗಳ ದಾಸ್ತಾನು ಹ್ಯಾಂಗರಿನಿಂದ ದೂರ, ಮಣ್ಣಿನ ದಿಬ್ಬಗಳ ಮರೆಯಲ್ಲಿರುತ್ತದೆ. ಒಂದು ಗೋದಾಮು ಸಿಡಿದರೂ ಪಕ್ಕದ್ದಕ್ಕೆ ತಾಗದಂತೆ, ಒಳಗಿರುವ ಸ್ಫೋಟಕದ ತೂಕಕ್ಕೆ ತಕ್ಕಂತೆ ನಡುವಿನ ಅಂತರ ಲೆಕ್ಕ ಹಾಕಿರುತ್ತಾರೆ. ಸ್ಫೋಟಕಗಳನ್ನು ಅಪಾಯದ ಬಗೆಗೆ ತಕ್ಕಂತೆ ಆರು ವಿಭಾಗ ಮಾಡುವ ವಿಶ್ವಸಂಸ್ಥೆಯ ಕ್ರಮವನ್ನು ಜಗತ್ತಿನೆಲ್ಲೆಡೆ ಅನುಸರಿಸುತ್ತಾರೆ. ಎಲ್ಲವನ್ನೂ ಎಲ್ಲದರ ಜೊತೆ ಇಡುವಂತಿಲ್ಲ. ಇಂಥ ಜಾಗಗಳ ಸುತ್ತ ಕಟ್ಟಡ ಕಟ್ಟುವುದನ್ನು ನಿರ್ಬಂಧಿಸಲು 1903ರ ವರ್ಕ್ಸ್ ಆಫ್ ಡಿಫೆನ್ಸ್ ಕಾಯ್ದೆ ಇದೆ. ಗೋದಾಮಿನೊಳಗೆ ಉಷ್ಣತೆ ಮತ್ತು ತೇವದ ದಾಖಲೆ ದಿನವೂ ಇಡಬೇಕು. ಬಿಸಿಲು ನಾಡಿನ ಬೇಸಿಗೆಯಲ್ಲಿ ಈ ಮಾತು ಬರೀ ಶಿಷ್ಟಾಚಾರವಲ್ಲ. ಹೆಚ್ಚು ಕಾಲ ಹೆಚ್ಚು ಬಿಸಿಯಲ್ಲಿದ್ದ ಮದ್ದು ಒಳಗೊಳಗೇ ಕೆಡುತ್ತದೆ.

ಸಲಕರಣೆ ಮತ್ತು ಸಹಿ, ಈ ಎರಡು ವಿಷಯಗಳಲ್ಲಿ ಈ ವೃತ್ತಿಯ ಶಿಸ್ತು ಹೊರಗಿನವರಿಗೆ ಅತಿ ಎನಿಸಬಹುದು. ಸ್ಪ್ಯಾನರು, ಸ್ಕ್ರೂಡ್ರೈವರು, ಟಾರ್ಕ್ ರೆಂಚು ಪ್ರತಿಯೊಂದಕ್ಕೂ ಪೆಟ್ಟಿಗೆಯಲ್ಲಿ ಅದರದೇ ಆಕಾರದ ಗುಳಿ ಇರುತ್ತದೆ. ಕೆಲಸ ಮುಗಿದಾಗ ಒಂದು ಗುಳಿ ಖಾಲಿ ಕಂಡರೂ ವಿಮಾನ ಹಾರುವಂತಿಲ್ಲ. ಕಳೆದುಹೋದ ಸ್ಪ್ಯಾನರ್ ಎಂಜಿನ್ನಿನ ಬಾಯಲ್ಲೋ ನಿಯಂತ್ರಣದ ತಂತಿಗಳ ನಡುವೆಯೋ ಇರಬಹುದು. ಮಾಡಿದ ಕೆಲಸವನ್ನೆಲ್ಲ ಆ ವಿಮಾನದ್ದೇ ಆದ ಫಾರ್ಮ್ 700 ಎಂಬ ದಾಖಲೆಯಲ್ಲಿ ಬರೆದು, ಮಾಡಿದವರು ಸಹಿ ಹಾಕುತ್ತಾರೆ. ಮುಖ್ಯ ಕೆಲಸಗಳಿಗೆ ಇನ್ನೊಬ್ಬರು ಪರೀಕ್ಷಿಸಿ ಸಹಿ ಹಾಕುತ್ತಾರೆ. ಹಾರುವ ಮುನ್ನ ಪೈಲಟ್ ಅದನ್ನು ಓದಿ ಸಹಿ ಮಾಡಿ ವಿಮಾನವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಾನೆ. ಇಪ್ಪತ್ತೆರಡು ವರ್ಷದ ಕಾರ್ಪೊರಲ್ ಒಬ್ಬ ‘ಸರಿಯಿಲ್ಲ’ ಎಂದು ಬರೆದರೆ ಹಿರಿಯ ಅಧಿಕಾರಿಯೂ ಅದನ್ನು ಸುಮ್ಮನೆ ಹೊಡೆದುಹಾಕಲಾರ. ದೋಷ ಪರಿಹಾರವಾಗಬೇಕು ಅಥವಾ ಅಧಿಕಾರವುಳ್ಳವರು ಕಾರಣ ಬರೆದು ಹೊಣೆ ಹೊರಬೇಕು. ಸೈನ್ಯದ ಶ್ರೇಣಿಯೊಳಗೆ ಕಿರಿಯನ ಮಾತಿಗೆ ಇಷ್ಟು ತೂಕ ಕೊಡುವ ವ್ಯವಸ್ಥೆ ಗೌರವಕ್ಕೆ ಅರ್ಹ.

ಇನ್ನು ಈ ವೃತ್ತಿಗೆ ಸೇರುವ ದಾರಿ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಸೈನ್ಯದ ಭರ್ತಿ ಎಂದರೆ ನಸುಕಿನಲ್ಲಿ ರಸ್ತೆಯ ಮೇಲೆ ಓಡುವ ಹುಡುಗರ ಚಿತ್ರವೇ ಕಣ್ಣಿಗೆ ಬರುತ್ತದೆ. ಅಧಿಕಾರಿಯಾಗುವ ಕನಸಿಗೆ 1963ರಲ್ಲಿ ಶುರುವಾದ ವಿಜಯಪುರದ ಸೈನಿಕ ಶಾಲೆ ಇದೆ. ಈ ಎರಡರ ನಡುವೆ, ಗಣಿತ ಮತ್ತು ಭೌತವಿಜ್ಞಾನದಲ್ಲಿ ಆಸಕ್ತಿ ಇರುವವರಿಗೆ, ಕೈಗೆ ಎಣ್ಣೆ ಹತ್ತುವುದಕ್ಕೆ ಹಿಂಜರಿಯದವರಿಗೆ ವಾಯುಪಡೆಯ ತಾಂತ್ರಿಕ ವೃತ್ತಿಗಳ ದಾರಿ ಇದೆ ಎಂಬುದು ಅಲ್ಲಿಯ ಕಾಲೇಜುಗಳಲ್ಲಿ ಇನ್ನೂ ಹೆಚ್ಚು ಕೇಳಿಬರಬೇಕು. ಹೊಲದ ಮೋಟರು ಸುಟ್ಟರೆ ತಾವೇ ಬಿಚ್ಚಿ ನೋಡುವ, ತಂತಿ ಎಲ್ಲಿ ಕಡಿದಿದೆ ಎಂದು ಟೆಸ್ಟರಿನಲ್ಲಿ ಹುಡುಕುವ ಅಭ್ಯಾಸ ಈ ಕೆಲಸಕ್ಕೆ ಒಳ್ಳೆಯ ಬುನಾದಿ.

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯ ಪ್ರಕಾರ ವಾಯುಪಡೆಗೆ ಸೇರುವವರು ಅಗ್ನಿವೀರ್‌ವಾಯು ಆಗುತ್ತಾರೆ. ವಯಸ್ಸು ಹದಿನೇಳೂವರೆಯಿಂದ 21. ವಿಜ್ಞಾನ ವಿಭಾಗಕ್ಕೆ ಗಣಿತ, ಭೌತವಿಜ್ಞಾನ, ಇಂಗ್ಲಿಷ್ ಸಹಿತ ಪಿಯುಸಿಯಲ್ಲಿ ಕನಿಷ್ಠ ಶೇ 50 ಅಂಕ ಬೇಕು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನಂಥ ವಿಷಯಗಳ ಮೂರು ವರ್ಷದ ಡಿಪ್ಲೊಮಾ ಆದವರೂ ಅರ್ಜಿ ಹಾಕಬಹುದು. ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ದೈಹಿಕ ಮತ್ತು ವೈದ್ಯಕೀಯ ಪರೀಕ್ಷೆಗಳು. ಆಯ್ಕೆಯಾದವರು ಸಾಂಬ್ರಾಕ್ಕೆ ಹೋಗುತ್ತಾರೆ. ಅಗ್ನಿವೀರ್‌ವಾಯು ಮಹಿಳೆಯರ ಮೊದಲ ತಂಡವೂ 2023ರ ಡಿಸೆಂಬರಿನಲ್ಲಿ ಅಲ್ಲಿಂದಲೇ ತರಬೇತಿ ಮುಗಿಸಿ ಹೊರಬಂತು. ಯಾವ ಕೆಲಸ ಎಂಬುದನ್ನು ಅಭ್ಯರ್ಥಿ ಆರಿಸಿಕೊಳ್ಳುವುದಿಲ್ಲ, ವಾಯುಪಡೆಯೇ ಹಂಚುತ್ತದೆ. ಶಸ್ತ್ರಾಸ್ತ್ರದ ಕೆಲಸವೇ ಬೇಕೆಂದು ಹೊರಟವರಿಗೆ ಎಂಜಿನ್ ಕೆಲಸ ಸಿಗಬಹುದು, ಈ ಸಾಧ್ಯತೆಗೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು. ತಾಂತ್ರಿಕ ತರಬೇತಿಯ ಸಂಸ್ಥೆಗಳಲ್ಲಿ ತಮಿಳುನಾಡಿನ ತಾಂಬರಂ ಮತ್ತು ಬೆಂಗಳೂರಿನ ಜಾಲಹಳ್ಳಿಯವು ಮುಖ್ಯ.

ಸೇವಾವಧಿ ನಾಲ್ಕು ವರ್ಷ. ತಿಂಗಳ ಸಂಬಳ ಮೊದಲ ವರ್ಷ 30 ಸಾವಿರದಿಂದ ಶುರುವಾಗಿ ನಾಲ್ಕನೇ ವರ್ಷ 40 ಸಾವಿರಕ್ಕೆ ಮುಟ್ಟುತ್ತದೆ; ಅದರಲ್ಲಿ ಶೇ 30ರಷ್ಟು ಸೇವಾನಿಧಿಗೆ ಕಡಿತವಾಗಿ, ಸರ್ಕಾರ ಅಷ್ಟೇ ಮೊತ್ತ ಸೇರಿಸಿ ಕೊನೆಯಲ್ಲಿ ಕೊಡುತ್ತದೆ. ಪ್ರತಿ ತಂಡದ ಗರಿಷ್ಠ ಶೇ 25ರಷ್ಟು ಮಂದಿಗೆ ಕಾಯಂ ಸೇವೆ. ಒಬ್ಬ ವೆಪನ್ ಫಿಟ್ಟರ್ ನಿಜವಾಗಿ ಪಳಗುವುದಕ್ಕೆ ನಾಲ್ಕು ವರ್ಷ ಕಡಿಮೆ ಎಂಬ ಆಕ್ಷೇಪಕ್ಕೆ ಬಲವಿದೆ. ಯೋಜನೆ ಬರುವ ಮುಂಚೆ ಸೇರಿದವರು 20 ವರ್ಷದ ಕರಾರಿನ ಮೇಲೆ ಸೇರುತ್ತಿದ್ದರು. ಲೀಡಿಂಗ್ ಏರ್‌ಕ್ರಾಫ್ಟ್‌ಮನ್‌ನಿಂದ ಕಾರ್ಪೊರಲ್, ಸಾರ್ಜೆಂಟ್ ದಾಟಿ ವಾರಂಟ್ ಆಫೀಸರ್ ಆಗುವ ಹೊತ್ತಿಗೆ ಹಲವು ಬಗೆಯ ವಿಮಾನಗಳ ಮೇಲೆ ಅವರ ಕೈ ಓಡಿರುತ್ತಿತ್ತು. ಕಡತದಲ್ಲಿ ಇಲ್ಲದ ದೋಷವನ್ನು ಹಿಡಿಯುವುದು ಅಂಥ ಕೈಗಳೇ.

ನಾಲ್ಕು ವರ್ಷದ ನಂತರ ಹೊರಬರುವ ಅಗ್ನಿವೀರರಿಗೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮತ್ತು ರಕ್ಷಣಾ ಇಲಾಖೆಯ ನಾಗರಿಕ ಹುದ್ದೆಗಳಲ್ಲಿ ಶೇ 10ರ ಮೀಸಲಾತಿಯನ್ನು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಘೋಷಿಸಿತು. ಅದೇ ಪ್ರಮಾಣದ ಮೀಸಲಾತಿ ರಕ್ಷಣಾ ವಲಯದ 16 ಸಾರ್ವಜನಿಕ ಉದ್ದಿಮೆಗಳಿಗೂ ಅನ್ವಯ. ಅವುಗಳಲ್ಲಿ ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಮೂರರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಪ್ರಚಂಡ್‌ಗಳ ಬೇಡಿಕೆಯೂ ದೊಡ್ಡದಿದೆ: 2025ರ ಮಾರ್ಚ್‌ನಲ್ಲಿ ಸೇನೆ ಮತ್ತು ವಾಯುಪಡೆಗಾಗಿ 156 ಹೆಲಿಕಾಪ್ಟರುಗಳ ಒಪ್ಪಂದಕ್ಕೆ ಸಹಿ ಬಿದ್ದಿದ್ದು, ಅವು ಬೆಂಗಳೂರು ಮತ್ತು ತುಮಕೂರಿನಲ್ಲಿ ತಯಾರಾಗಬೇಕು. ಪ್ರತಿಯೊಂದರ ಮೂತಿಯಲ್ಲೂ 20 ಮಿ.ಮೀ. ಫಿರಂಗಿ, ಪಕ್ಕದ ತೋಳುಗಳಲ್ಲಿ ರಾಕೆಟ್ ಮತ್ತು ಕ್ಷಿಪಣಿ ಇರುವುದರಿಂದ, ಜೋಡಿಸಲು, ಹೊಂದಿಸಲು, ಮುಂದೆ ದಶಕಗಳ ಕಾಲ ಸರಿಪಡಿಸಲು ಈ ವಿದ್ಯೆ ಬಲ್ಲವರೇ ಬೇಕು.